ಎರಡನೇ ಸಾಲಿನ ಒಂದನೇ ಕುರ್ಚಿ

ನಮ್ಮ ಯಜಮಾನರು ತಮ್ಮ ಆಯುಷ್ಯದಲ್ಲಿ ಕೇಳಿದ ಸಂಗೀತ ಕಚೇರಿಗಳು ಆರುನೂರಕ್ಕೆ ಕಡಿಮೆಯಿರಲಿಲ್ಲ. ಆದರೆ ಊರಿನಲ್ಲಿ ಅವರಿಗೆ ಹೆಸರು ತಂದುಕೊಟ್ಟದ್ದು ಅವರು ಕೇಳದೇ ಹೋದ ಒಂದೇ ಒಂದು ಕಚೇರಿ. ಅವರಿದ್ದಾಗ ಈ ವಿಷಯದಲ್ಲಿ ನಾನು ಬಾಯಿ ಬಿಟ್ಟವಳಲ್ಲ. ಈಗ ನನಗೆ ಎಪ್ಪತ್ತೆರಡು. ಓದಿದ್ದು ನಾಲ್ಕನೇ ಕ್ಲಾಸು. ನೆನಪು ಮಾತ್ರ ಇನ್ನೂ ಕೈಕೊಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವರು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಆಯ್ದು, ತಲೆಕೆಳಗಾಗಿ ಸಾಲು ಕಟ್ಟುವ ಕೆಲಸ. ಉಗುರಿನ ಸಂದಿಯ ಮಸಿ ಸೀಮೆಎಣ್ಣೆಗೂ ಬಗ್ಗುತ್ತಿರಲಿಲ್ಲ. ನಮ್ಮ ಮನೆಯ ಲೋಟ, ದಿಂಬು, ಮಗಳ ಕೆನ್ನೆ, ಎಲ್ಲದರ ಮೇಲೂ ಅವರ ಹೆಬ್ಬೆರಳಿನ ಗುರುತು. ಊರಿನ ಸಂಗೀತ ಸಂಘದ ಟಿಕೆಟ್ಟುಗಳು ಅಚ್ಚಾಗುತ್ತಿದ್ದುದು ಅಲ್ಲೇ. ಸಂಘದವರು ಪ್ರತಿ ಕಚೇರಿಗೂ ಅಚ್ಚುಕೂಟದ ಧಣಿಗೆ ಒಂದು ಪಾಸು ಕೊಡುತ್ತಿದ್ದರು. ಧಣಿಗೆ ಹಾಡುವವರ ದನಿಗೂ ಎಣ್ಣೆಯಾರಿದ ಯಂತ್ರದ ದನಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಹಾಗಾಗಿ ಪಾಸು ನಮ್ಮವರ ಜೇಬಿಗೆ ಬರುತ್ತಿತ್ತು. ಬೀದಿಯವರು ಅವರನ್ನು ‘ಪಾಸಿನವರು’ ಎಂದೇ ಕರೆಯುತ್ತಿದ್ದರು.

ಒಂದು ಸಲ ಕೊಳಲಿನವರೊಬ್ಬರು ಬಂದು, ಫ್ಯಾನಿನ ಗಾಳಿ ಕೊಳಲಿನ ತೂತಿಗೆ ಹೋಗುತ್ತದೆ, ಎಲ್ಲ ಫ್ಯಾನೂ ನಿಲ್ಲಿಸಿ ಎಂದರಂತೆ. ಸುಡುಬೇಸಿಗೆ. ಅರ್ಧ ಜನ ಎದ್ದು ಹೋದರು. ಉಳಿದವರು ಬೆವರಿನಲ್ಲಿ ಮಿಂದರು. ಕೊನೆಗೆ ತಲೆ ಸುತ್ತಿ ಬಿದ್ದದ್ದು ಕೊಳಲಿನವರೇ. ನಮ್ಮವರು ಮೈಗಂಟಿದ ಅಂಗಿಯಲ್ಲಿ ಮನೆಗೆ ಬಂದು, “ಎಂಥ ಸುಖ ಗೊತ್ತೇನೇ!” ಎಂದರು. “ಕೊಳಲಾ?” ಎಂದೆ. “ಅವರು ಬಿದ್ದ ಮೇಲೆ ಫ್ಯಾನ್ ಹಾಕಿದ್ರಲ್ಲ, ಅದು!” ಎಂದರು.

ಇನ್ನೊಂದು ಸಲ ಹಾಡುವುದಕ್ಕೆ ಮುಂಚೆ ದೊಡ್ಡ ಮನುಷ್ಯರೊಬ್ಬರು ಸಂಗೀತದ ಮಹತ್ವದ ಮೇಲೆ ಒಂದೂಮುಕ್ಕಾಲು ಗಂಟೆ ಮಾತಾಡಿ, ಹಾಡುವವರಿಗೆ ಇಪ್ಪತ್ತು ನಿಮಿಷ ಬಿಟ್ಟುಕೊಟ್ಟರು. ಮರುದಿನ ಪತ್ರಿಕೆಯಲ್ಲಿ ಭಾಷಣವೇ ಅಚ್ಚಾಯಿತು. ಹಾಡಿದವರ ಹೆಸರಿಗೆ ಜಾಗ ಸಾಲಲಿಲ್ಲ.

ಮತ್ತೊಂದಿದೆ. ಅವತ್ತು ಮಳೆ. ಹೆಸರು ಕೇಳಿರದ ಹೆಂಗಸೊಬ್ಬರು ಹಾಡುವವರಿದ್ದರು. ಕೇಳುವುದಕ್ಕೆ ಬಂದವರು ಐದು ಜನ, ವೇದಿಕೆಯ ಮೇಲೆ ಆರು. ಆ ಹೆಂಗಸು ಮೈಕು ಪಕ್ಕಕ್ಕಿಟ್ಟು, “ಬನ್ನಿ, ಇಲ್ಲೇ ಮೇಲೆ ಕೂತ್ಕೊಳ್ಳಿ” ಎಂದು ಐವರನ್ನೂ ಕರೆದು ಸುತ್ತ ಕೂರಿಸಿಕೊಂಡು ಹಾಡಿದರಂತೆ. ನಮ್ಮವರು ಮನೆಗೆ ಬಂದು, ಒದ್ದೆ ಕೊಡೆಯನ್ನು ಮಡಿಸದೆ ಹಿಡಿದುಕೊಂಡು ಮಂಚದ ತುದಿಯಲ್ಲಿ ಕೂತುಬಿಟ್ಟರು. “ಹೇಗಿತ್ತು ರೀ?” “ಹೇಳೋಕಾಗಲ್ಲ ಕಣೇ.” ಅಷ್ಟೇ. ಊಟವನ್ನೂ ಕೇಳಲಿಲ್ಲ. ಆ ಕಚೇರಿಯ ಮಾತನ್ನು ಬೀದಿಯಲ್ಲಿ ಎತ್ತಲಿಲ್ಲ. ಎತ್ತಿದ್ದರೂ ಯಾರಿಗೆ ಬೇಕಿತ್ತು? ಹೆಸರಿಲ್ಲದವರ ಹಾಡು ಕೇಳಿದೆ ಎಂದರೆ ಹೇಳಿದವರ ಹೆಸರೇನೂ ಮೇಲೇರುವುದಿಲ್ಲವಲ್ಲ.

ಇನ್ನು ಅವರು ಕೇಳದೇ ಹೋದದ್ದು.

ದೊಡ್ಡ ಹಾಡುಗಾರರೊಬ್ಬರು ಜೀವಮಾನದಲ್ಲಿ ಒಂದೇ ಸಲ ನಮ್ಮ ಊರಿಗೆ ಬರುವವರಿದ್ದರು. ಸಭಾಂಗಣದಲ್ಲಿ ಮುನ್ನೂರು ಕುರ್ಚಿ. ಮುನ್ನೂರು ಟಿಕೆಟ್ಟಿನ ಮೊಳೆ ಜೋಡಿಸಿದ್ದೂ, ಅಂಕಿ ಹಾಕಿದ್ದೂ, ಹರಿಯುವ ಗೆರೆಗೆ ತೂತು ಹೊಡೆದದ್ದೂ ನಮ್ಮವರೇ. ಅವರ ಪಾಸು ಎರಡನೇ ಸಾಲಿನ ಒಂದನೇ ಕುರ್ಚಿಯದು, ಕಂಬದ ಪಕ್ಕ. ಹತ್ತು ದಿನ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮಲಗಿದರು. ಆರು ತಿಂಗಳ ಮಗಳನ್ನೂ ಅಷ್ಟು ಜೋಪಾನವಾಗಿ ಎತ್ತಿಕೊಂಡದ್ದು ನಾನು ಕಾಣೆ.

ಹನ್ನೊಂದನೆಯ ದಿನ, ಕಚೇರಿಯ ದಿನವೇ, ಬೆಳಿಗ್ಗೆ ದವಡೆ ಊದಿತು. ಕನ್ನಡಿಯಲ್ಲಿ ನೋಡಿಕೊಂಡರೆ ಒಂದು ಕಡೆ ಅವರ ಮುಖ, ಇನ್ನೊಂದು ಕಡೆ ಯಾವನೋ ಪೈಲ್ವಾನನ ಮುಖ. ಹಲ್ಲಿನ ಡಾಕ್ಟರು ಎರಡು ಹಲ್ಲು ಕಿತ್ತು, ಬಾಯಿಗೆ ಹತ್ತಿ ತುರುಕಿ, ಮೂರು ದಿನ ಮಾತಾಡಬಾರದು, ಹಾಸಿಗೆ ಬಿಟ್ಟು ಏಳಬಾರದು ಎಂದು ಕಳಿಸಿದರು. ನಮ್ಮವರು ಅಚ್ಚುಕೂಟದ ಚೀಟಿಯೊಂದರ ಹಿಂದೆ ಬರೆದು ನನ್ನ ಕೈಗೆ ಕೊಟ್ಟರು. ನಾನು ಅಕ್ಷರ ಕೂಡಿಸಿ ಓದಿದೆ. ‘ಪಾಸು ಹಾಳಾಗಬಾರದು. ನೀನು ಹೋಗು. ಎಲ್ಲ ನೋಡಿಕೊಂಡು ಬಾ.’

“ನನಗೇನು ಗೊತ್ತಾಗತ್ತೆ ರೀ? ಮಗು ಬೇರೆ ಇದೆ.”

ಇನ್ನೊಂದು ಚೀಟಿ ಬಂತು. ‘ಎತ್ತಿಕೊಂಡು ಹೋಗು. ಅಳಿಸಬೇಡ. ಅಳಿಸಿದರೆ ನನ್ನ ಮಾನ ಹೋಗುತ್ತದೆ.’

ಹೋದೆ. ಸಂಘದ ಕಾರ್ಯದರ್ಶಿಗಳು ಮೈಕು ಹಿಡಿದಿದ್ದರು. ನಲವತ್ತು ನಿಮಿಷವಾದರೂ ಬಿಡಲಿಲ್ಲ. ಹಾಡುಗಾರರು ಕಾಲು ಮಡಿಸಿ ಕೂತಿದ್ದರು. ಎಡಗಾಲಿನ ಕಾಲುಚೀಲದಲ್ಲಿ ತೂತು, ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಪಕ್ಕದಲ್ಲಿ ಪಿಟೀಲಿನವರು, ಎಳೆಯ ಪ್ರಾಯ, ಕರ್ಚೀಫು ಹಿಂಡುತ್ತಿದ್ದರು. ನನ್ನ ಮಗಳು ಭಾಷಣಕ್ಕೆ ಹಾಯಾಗಿ ನಿದ್ದೆ ಹೋಗಿದ್ದಳು. “ಸಂಗೀತವು ಕತ್ತಲೆಯನ್ನು ಓಡಿಸುವ ದೀಪ” ಎಂದು ಕಾರ್ಯದರ್ಶಿಗಳು ಕೈಯೆತ್ತಿದರು. ಅಷ್ಟರಲ್ಲಿ ಕರೆಂಟು ಹೋಯಿತು.

ಮೈಕು ಸತ್ತಿತು. ಭಾಷಣ ನಿಂತದ್ದೇ ಮಗು ಎಚ್ಚರವಾಗಿ, ಹೋ ಎಂದು ಶುರು ಮಾಡಿತು. ಕಿಟಕಿಗಳಿಗೆಲ್ಲ ದಪ್ಪ ಪರದೆ, ಕಣ್ಣಿಗೆ ಕೈ ಕಾಣದು.

“ಯಾರ್ರೀ ಅದು? ಹೊರಗೆ ಕರ್ಕೊಂಡು ಹೋಗ್ರೀ!”

“ಹಾಲು ಕುಡಿಯೋ ಮಗೂನ ಇಲ್ಲಿಗ್ಯಾಕಮ್ಮ ತಂದ್ರಿ?”

ಒಂದು ಕಡೆ ಕಂಬ, ಇನ್ನೊಂದು ಕಡೆ ಜನರ ಮೊಣಕಾಲು. ಎಲ್ಲಿಗೆ ಹೋಗಲಿ? ಆಗ ವೇದಿಕೆಯಿಂದ ಯಾರೋ ಸಣ್ಣಗೆ ನಕ್ಕ ಹಾಗಾಯಿತು. ಮಗು ಅಳುತ್ತಿದ್ದ ದನಿಯಲ್ಲೇ, ಅದರ ಜೊತೆಗೇ, ಹಾಡುಗಾರರು ದನಿಯೆತ್ತಿದರು. ಮಗು ಉಸಿರು ತೆಗೆದುಕೊಂಡಾಗ ಅವರೂ ತೆಗೆದುಕೊಂಡರು. ಸ್ವಲ್ಪ ಹೊತ್ತಿಗೆ ಮಗು ಸುಮ್ಮನಾಯಿತು, ಅವರು ಸುಮ್ಮನಾಗಲಿಲ್ಲ. ಮೈಕಿಲ್ಲದೆ ಒಂದು ಗಂಟೆ ಹಾಡಿದರು. ಏನು ಹಾಡಿದರೋ ನನಗೆ ತಿಳಿಯದು. ಹಿಂದಿನ ಸಾಲಿನಲ್ಲಿ ಒಬ್ಬರು ಬಾಯಲ್ಲಿ ಜೋರಾಗಿ ಉಸಿರಾಡುತ್ತಿದ್ದರು, ಅದು ನಿಂತುಹೋಯಿತು, ಅಷ್ಟು ಗೊತ್ತು. ಕರೆಂಟು ಬಂದಾಗ ಮುನ್ನೂರು ಜನವೂ ದೀಪಕ್ಕೆ ಶಾಪ ಹಾಕಿದರು.

ಮೂರು ದಿನ ನಮ್ಮವರು ಚೀಟಿ ಬರೆದು ಬರೆದು ಕೇಳಿದರು. ಕಾಲುಚೀಲ, ಕರ್ಚೀಫು, ಉಸಿರು, ಎಲ್ಲ ಹೇಳಿದೆ. ಒಂದನ್ನು ಬಿಟ್ಟು. ‘ಮಗು ಅತ್ತಿತೇ?’ ಎಂದು ಚೀಟಿ ಬಂದಾಗ, “ಅತ್ತಿತು, ಯಾರದೋ ಮಗು. ನಮ್ಮದು ಮಲಗಿತ್ತು” ಎಂದೆ. ಮಾನದ ಪ್ರಶ್ನೆ ನೋಡಿ.

ಬಾಯಿಯ ಹತ್ತಿ ತೆಗೆದ ದಿನವೇ ಕಥೆ ಬೀದಿಗೆ ಬಂತು. ಮೊದಲ ವರ್ಷ, “ನಮ್ಮನೇವಳು ಹೋಗಿದ್ದಳು, ಹೇಳಿದಳು” ಎನ್ನುತ್ತಿದ್ದರು. ಮೂರನೇ ವರ್ಷಕ್ಕೆ “ನಾವು ಹೋಗಿದ್ವಲ್ಲ” ಆಯಿತು. ಆರನೇ ವರ್ಷಕ್ಕೆ “ನಾನು ಎರಡನೇ ಸಾಲಲ್ಲಿ ಕೂತಿದ್ದೆ” ಎಂಬಲ್ಲಿಗೆ ಬಂತು. ಹತ್ತನೇ ವರ್ಷ ಅಚ್ಚುಕೂಟದ ಬೈಂಡಿಂಗಿನವನು, “ಆಗ ಅಕ್ಕ ಎಲ್ಲಿದ್ರು?” ಎಂದು ಕೇಳಿದ. “ಮನೇಲಿ ಮಗು ನೋಡ್ಕೊಂಡಿದ್ದಳು” ಎಂದುಬಿಟ್ಟರು. ನಾನು ಒಳಗೆ ಟೀ ಸೋಸುತ್ತಿದ್ದೆ. ಸೋಸಿದೆ.

ಹರಿದ ಪಾಸಿಗೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ಹೊಡೆದರು. ಕಥೆಯೂ ಬೆಳೆಯುತ್ತ ಹೋಯಿತು. ಅವರ ಬಾಯಿಯಲ್ಲಿ ಮಗುವಿನ ಅಳುವನ್ನು ಸಂಗೀತವೇ ನಿಲ್ಲಿಸಿತ್ತು. ಅಲ್ಲಿಗೆ ಬಂದಾಗಲೆಲ್ಲ ಮಗುವಿನ ತಾಯಿಗೆ ಮಂಗಳಾರತಿ ತಪ್ಪುತ್ತಿರಲಿಲ್ಲ. “ಯಾವಳೋ ಬುದ್ಧಿಗೇಡಿ ರೀ! ಅಂಥಾ ಕಚೇರಿಗೆ ಕೂಸು ಕಟ್ಕೊಂಡು ಬಂದಿದ್ಳು. ತಲೇಲಿ ಏನಿತ್ತೋ!” ಕೇಳುವವರು ನಗುತ್ತಿದ್ದರು. ಆ ಬುದ್ಧಿಗೇಡಿ ತಟ್ಟೆಯಲ್ಲಿ ಬಿಸ್ಕತ್ತು ತಂದಿಡುತ್ತಿದ್ದಳು.

ಇದರಲ್ಲಿ ದೊಡ್ಡ ತಮಾಷೆ ಬೇರೆಯೇ. ಆ ಕಚೇರಿಗೆ ಹೆಸರು ಬಂದಂತೆಲ್ಲ ಅದನ್ನು ಕೇಳಿದವರ ಸಂಖ್ಯೆಯೂ ಏರಿತು. ಕ್ಷೌರದಂಗಡಿಯವರು ಕೇಳಿದ್ದರು, ಅಂಚೆಯವರು ಕೇಳಿದ್ದರು, ಆ ವರ್ಷ ಜೈಲಿನಲ್ಲಿದ್ದ ಒಬ್ಬರೂ ಕೇಳಿದ್ದರು. ಅವರನ್ನೆಲ್ಲ ಹಿಡಿದು ಝಾಡಿಸುತ್ತಿದ್ದವರು ನಮ್ಮವರೇ. “ಮುನ್ನೂರು ಟಿಕೆಟ್ ಅಚ್ಚು ಹಾಕಿದೋನು ನಾನು! ಮುನ್ನೂರೊಂದನೆಯವನು ಎಲ್ಲಿಂದ ಬಂದ?” ಎಂದು ನಡುಬೀದಿಯಲ್ಲಿ ಕೇಳಿ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದರು. ಅವರ ಮಾತಿಗೆ ಬೀದಿಯಲ್ಲಿ ಅಷ್ಟು ಬೆಲೆ.

ಹೀಗೆ ಮೂವತ್ತೆಂಟು ವರ್ಷ. ಅಷ್ಟು ಹೊತ್ತಿಗೆ ಸಂಘಕ್ಕೆ ಐವತ್ತು ತುಂಬಿತು. ಹಳೆಯ ಕಾರ್ಯದರ್ಶಿಗಳ ಅಳಿಯ, ವಿಮೆ ಏಜೆಂಟರು, ಈಗ ಕಾರ್ಯದರ್ಶಿ. ಮಾವನ ಕುರ್ಚಿಯ ಜೊತೆಗೆ ಭಾಷಣವೂ ಅವರ ಪಾಲಿಗೆ ಬಂದಿತ್ತು. ಆ ಕಚೇರಿಯನ್ನು ಕೇಳಿದವರನ್ನೆಲ್ಲ ವೇದಿಕೆಯ ಮೇಲೆ ಕೂರಿಸಿ ಪ್ರಶಸ್ತಿಪತ್ರ ಕೊಡುತ್ತೇವೆ, ಹೆಸರು ಕಳಿಸಿ ಎಂದರು. ಸಾವಿರದ ನೂರ ನಲವತ್ತು ಹೆಸರು ಬಂದವು. ಟಿಕೆಟ್ಟಿನ ತುಂಡು ತೋರಿಸಬೇಕೆಂದು ಕಟ್ಟುನಿಟ್ಟು ಮಾಡಿದಾಗ ಒಂಬತ್ತು ತುಂಡು ಬಂದವು. ನಾಲ್ಕು ಸಿನಿಮಾ ಟಿಕೆಟ್ಟುಗಳು. ಉಳಿದ ಐವರಲ್ಲಿ ಕುರ್ಚಿಯ ಅಂಕಿ ಅಳಿಸದೆ ಉಳಿದಿದ್ದುದು ನಮ್ಮವರ ಪಾಸಿನಲ್ಲಿ ಮಾತ್ರ. ಆದ್ದರಿಂದ ಅಂದು ನಡೆದದ್ದನ್ನು ಸಭೆಗೆ ಹೇಳಬೇಕಾದವರು ಅವರೇ. ಮುಖ್ಯ ಅತಿಥಿ ಅದೇ ಪಿಟೀಲಿನವರು, ಅವರಿಗೀಗ ಅರವತ್ತೈದರ ಮೇಲೆ.

ಸಂಘದ ಕಾಗದ ಓದಿದ ನಮ್ಮವರು ಅದನ್ನು ನನ್ನ ಮುಂದೆ ಹಿಡಿದರು.

“ಲೇ, ಏನು ಮಾಡೋದೇ?”

ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ನಿಜ ಅವರ ಬಾಯಿಂದ ಅಷ್ಟಾದರೂ ಬಂತು.

“ಹಲ್ಲು ನೋವು ಅಂತ ಮಲಗಿಬಿಡಿ” ಎಂದೆ.

“ಹಲ್ಲೆಲ್ಲಿದೆಯೇ ಈಗ?”

ಕಟ್ಟಿಸಿದ ಹಲ್ಲಿನ ಸೆಟ್ಟು ನೀರಿನ ಲೋಟದಲ್ಲಿತ್ತು. ಇಬ್ಬರೂ ಅದನ್ನೇ ನೋಡಿದೆವು.

“ಪಿಟೀಲಿನವರು ನನ್ನ ಮುಖ ನೋಡಿ, ಇವರು ಇರಲಿಲ್ಲ ಅಂದುಬಿಟ್ರೆ? ಬೀದೀಲಿ ಹೇಗೆ ಓಡಾಡಲಿ? ಎಷ್ಟು ಜನಕ್ಕೆ ಉಗಿದಿದ್ದೀನಿ ನಾನು!”

“ಕತ್ತಲೆ ಇತ್ತಲ್ಲ ರೀ. ಯಾರಿಗೆ ಯಾರ ನೆನಪಿರತ್ತೆ?” ಎಂದೆ. ನನ್ನ ಭಯ ನನಗೆ. ಪಿಟೀಲಿನವರು ಕುಳಿತಿದ್ದುದು ನನ್ನಿಂದ ನಾಲ್ಕು ಮಾರು ದೂರ. ನಲವತ್ತು ನಿಮಿಷದ ಭಾಷಣದಲ್ಲಿ ಅವರಿಗೆ ನೋಡಲು ಬೇರೇನೂ ಇರಲಿಲ್ಲ, ಎದುರಿಗಿದ್ದ ನನ್ನನ್ನೂ ಮಗುವನ್ನೂ ಬಿಟ್ಟರೆ.

ಸಮಾರಂಭದ ದಿನ ಸಭಾಂಗಣ ತುಂಬಿ ತುಳುಕಿತು. ವೇದಿಕೆಯ ಮೇಲೆ ಐದು ಕುರ್ಚಿ, ಐವರು ಮುದುಕರು. ನಮ್ಮವರ ತೊಡೆಯ ಮೇಲೆ ಗೋಡೆಯಿಂದಿಳಿಸಿದ ಪಾಸಿನ ಕಟ್ಟು. ನಾನೂ ಮಗಳೂ ಮಧ್ಯದ ಸಾಲಿನಲ್ಲಿ ಕೂತೆವು. ಮಗಳು ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು. ಕಾರ್ಯದರ್ಶಿಗಳು ಕತ್ತಲೆಯನ್ನು ಓಡಿಸುವ ದೀಪದ ಭಾಷಣ ಮಾಡಿದರು. ಈ ಸಲ ಕರೆಂಟು ಹೋಗಲಿಲ್ಲ, ಅದಕ್ಕೂ ವಯಸ್ಸಾಗಿತ್ತೇನೋ. ಆಮೇಲೆ ಪಿಟೀಲಿನವರು ಎದ್ದರು.

“ನಿಜ ಹೇಳ್ತೀನಿ” ಎಂದರು. “ಅವತ್ತು ಕರೆಂಟು ಹೋದಾಗ ನಮ್ಮ ಗುರುಗಳು ಎದ್ದು ಹೋಗೋಕೆ ತಯಾರಾಗಿದ್ರು. ಭಾಷಣ ಕೇಳಿ ತಲೆ ಕೆಟ್ಟಿತ್ತು. ಆಗ ಒಂದು ಮಗು ಅತ್ತಿತು. ಗುರುಗಳು ನನ್ನ ಕಿವೀಲಿ, ‘ಶ್ರುತಿ ಸರಿಯಾಗಿದೆ ಕಣೋ’ ಅಂದ್ರು. ಅದಕ್ಕೇ ಹಾಡಿದ್ರು. ಆ ಮಗು ಇಲ್ಲದೇ ಇದ್ರೆ ಕಚೇರೀನೇ ಇಲ್ಲ. ಆ ಮಗು, ಅದರ ತಾಯಿ ಇಲ್ಲಿದ್ದಾರಾ?”

ಜನ ಹಿಂದೆ ಮುಂದೆ ತಿರುಗಿ ನೋಡಿದರು. ಆಮೇಲೆ ಏಳನೇ ಸಾಲಿನಲ್ಲಿ ಒಬ್ಬರು ಎದ್ದು, “ನಾನೇ ಸಾರ್ ಆ ಮಗು” ಎಂದರು. ಪಕ್ಕದಲ್ಲೇ ಇನ್ನೊಬ್ಬರು, “ಅಲ್ಲ ಸಾರ್, ನಾನು” ಎಂದರು. ನೋಡುನೋಡುತ್ತ ಹನ್ನೊಂದು ಮಕ್ಕಳು ಎದ್ದು ನಿಂತವು. ಒಂದಕ್ಕೆ ಮೊಮ್ಮಗನಿದ್ದ. ಒಂದಕ್ಕೆ ಇಪ್ಪತ್ತೈದು ದಾಟಿರಲಿಲ್ಲ. ತಾಯಂದಿರು ನಾಲ್ವರು.

ನನ್ನ ಮಗಳು ಕಿಸಕ್ಕನೆ ನಕ್ಕಳು. “ಎಂಥ ತಾಯಿ ಇದ್ದಿರಬೇಕು ಅಲ್ವೇನಮ್ಮ? ಅಪ್ಪ ಬೈಯೋದು ಸರಿಯಾಗೇ ಇದೆ.”

ನಾನು ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

“ಇಷ್ಟು ಮಕ್ಕಳು ಅತ್ತಿದ್ರೆ ನಾನು ಪಿಟೀಲು ಬಿಟ್ಟು ಓಡಿಹೋಗ್ತಿದ್ದೆ” ಎಂದರು ಪಿಟೀಲಿನವರು. “ಚಿಕ್ಕ ಪ್ರಾಯದ ಹೆಂಗಸು, ಕಂಬದ ಪಕ್ಕ. ಎರಡನೇ ಸಾಲು, ಮೊದಲನೇ ಕುರ್ಚಿ.”

ಕಾರ್ಯದರ್ಶಿಗಳು ಹಿಗ್ಗಿ ಹೀರೇಕಾಯಿಯಾದರು. ನಮ್ಮವರ ತೊಡೆಯಿಂದ ಕಟ್ಟು ಎತ್ತಿ, “ಎರಡನೇ ಸಾಲು, ಒಂದನೇ ಕುರ್ಚಿ! ಇವರದೇ ಕುರ್ಚಿ!” ಎಂದು ಓದಿದರು. ಓದಿ ಮುಗಿಸಿದ ಮೇಲೆ ಅವರಿಗೂ ಏನೋ ತಪ್ಪಿದ ಹಾಗೆ ಅನ್ನಿಸಿ ಬಾಯಿ ಅರ್ಧಕ್ಕೆ ನಿಂತಿತು.

ಪಿಟೀಲಿನವರು ಕನ್ನಡಕ ಏರಿಸಿಕೊಂಡು ನಮ್ಮವರನ್ನು ಮೇಲಿಂದ ಕೆಳಗೆ ನೋಡಿದರು. “ಇವರೇ? ಅವರು ಹೆಂಗಸಲ್ವಾ?”

ನಮ್ಮವರು ನನ್ನ ಕಡೆ ನೋಡಿದರು. ಅಷ್ಟು ಜನರ ನಡುವೆ ನೇರ ನನ್ನ ಮುಖಕ್ಕೇ. ಆಗ ಅವರಿಗೆ ತಿಳಿಯಿತು, ಯಾರ ಮಗು, ಯಾವ ಬುದ್ಧಿಗೇಡಿ ಅಂತ. ನಾನು ಬೇಡ ಎಂದು ತಲೆಯಾಡಿಸಿದೆ. ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಪಕ್ಕದ ಕುರ್ಚಿಗೆ ಸರಿದು ಕೂತಿದ್ದೆ ಎಂದಿದ್ದರೂ ನಡೆಯುತ್ತಿತ್ತು. ಅವರು ಎದ್ದು ಮೈಕು ಹಿಡಿದರು.

“ನನಗೆ ಹಲ್ಲು ನೋವಿತ್ತು” ಎಂದರು.

ಯಾರೋ ನಕ್ಕರು.

“ನಾನು ಬಂದಿರಲಿಲ್ಲ. ಮುನ್ನೂರು ಟಿಕೆಟ್ ಅಚ್ಚು ಹಾಕಿದೋನು ನಾನು. ಮುನ್ನೂರೊಂದನೆಯವನೂ ನಾನೇ. ಮೂವತ್ತೆಂಟು ವರ್ಷ ಯಾವಳನ್ನ ಬುದ್ಧಿಗೇಡಿ ಅಂತ ಬೈದೆನೋ ಅವಳು ಅಲ್ಲಿ ಕೂತಿದ್ದಾಳೆ. ನನ್ನ ಹೆಂಡತಿ. ಕೇಳಿದ್ದು ಅವಳು. ನಾನು ಬರೀ ಹೇಳಿದೋನು.”

ಮಗಳು ನನ್ನ ತೋಳು ಹಿಡಿದು, “ಅಮ್ಮಾ, ಅದು ನಾನಾ?” ಎಂದಳು. ಅವಳು ಅಡಿಗೆಮನೆಯಲ್ಲಿ ಗುನುಗಿದರೆ ಬೆಕ್ಕು ಎದ್ದು ಹೋಗುತ್ತದೆ. ಶ್ರುತಿ ಇದ್ದದ್ದೆಲ್ಲ ಅವತ್ತೇ ಖರ್ಚಾಗಿರಬೇಕು.

ಸಭೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಚಪ್ಪಾಳೆ ಶುರುವಾಯಿತು ನೋಡಿ! ಕಾರ್ಯದರ್ಶಿಗಳು ಮೈಕು ಕಿತ್ತುಕೊಂಡು, “ಎಂಥ ವಿನಯ! ತಮ್ಮ ಭಾಗ್ಯವನ್ನೇ ಹೆಂಡತಿಗೆ ಧಾರೆ ಎರೆದ ಮಹಾನುಭಾವರು! ನಿಜವಾದ ರಸಿಕನಿಗೆ ಅಹಂಕಾರ ಇರೋದಿಲ್ಲ” ಎಂದು ಗದ್ಗದಿತರಾದರು. ಪ್ರಶಸ್ತಿಪತ್ರ ಮೊದಲೇ ಅಚ್ಚಾಗಿತ್ತು, ಅವರು ಬೇರೇನು ಹೇಳಿಯಾರು?

“ಅಲ್ರೀ, ವಿನಯ ಅಲ್ಲ, ನಿಜ ಹೇಳ್ತಿದ್ದೀನಿ! ಸುಳ್ಳು ಹೇಳಿದ್ದೆ ನಾನು!”

ಚಪ್ಪಾಳೆ ಇನ್ನೂ ಜೋರಾಯಿತು. ಮೂವತ್ತೆಂಟು ವರ್ಷದ ಸುಳ್ಳನ್ನು ಒಬ್ಬರೂ ಅನುಮಾನಿಸಲಿಲ್ಲ, ಒಂದು ನಿಮಿಷದ ನಿಜವನ್ನು ಒಬ್ಬರೂ ನಂಬಲಿಲ್ಲ. ಹನ್ನೊಂದು ಮಕ್ಕಳು ಫೋಟೋ ತೆಗೆಯುವವರೆಗೆ ಕೂರಲೇ ಇಲ್ಲ.

ನಂಬಿದವರು ಒಬ್ಬರಿದ್ದರು. ಕೆಳಗಿಳಿಯುವಾಗ ಪಿಟೀಲಿನವರು ನಮ್ಮ ಸಾಲಿನ ಹತ್ತಿರ ನಿಂತು ನನ್ನನ್ನು ನೋಡಿ, “ಮಗು ಎಲ್ಲಮ್ಮ?” ಎಂದರು. ಮಗಳನ್ನು ಮುಂದೆ ತಳ್ಳಿದೆ.

“ಹಾಡ್ತೀಯೇನಮ್ಮ?”

“ಇಲ್ಲ ಸಾರ್, ಇಂಜೆಕ್ಷನ್ ಕೊಡ್ತೀನಿ. ಈಗ ಬೇರೆಯವರನ್ನ ಅಳಿಸ್ತೀನಿ” ಎಂದಳು. ಅವರು ನಕ್ಕು ನಕ್ಕು ಕಂಬ ಹಿಡಿದುಕೊಂಡರು.

ಮನೆಗೆ ಬಂದು ನಮ್ಮವರು ಪ್ರಶಸ್ತಿಪತ್ರವನ್ನು ಬೀರುವಿನ ಹಿಂದಕ್ಕೆ ತಳ್ಳಿದರು.

“ಯಾಕೆ ಹೇಳಲಿಲ್ಲ ನೀನು?”

“ಮಾನ ಹೋಗತ್ತೆ ಅಂತ ನೀವೇ ಬರ್ಕೊಟ್ಟಿದ್ರಲ್ಲ.”

ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಆಮೇಲೆ, “ಸರಿ, ಸಂಗೀತ ಕೇಳಿ ಮಗು ಸುಮ್ಮನಾಯ್ತಲ್ಲ, ಅದಾದ್ರೂ ನಿಜ ತಾನೇ?” ಎಂದರು.

“ಶಾಲಿನೊಳಗೆ ಎಳ್ಕೊಂಡು ಹಾಲು ಕುಡಿಸಿದೆ ರೀ.”

ಅವರು ನಕ್ಕ ರಭಸಕ್ಕೆ ಹಲ್ಲಿನ ಸೆಟ್ಟು ಕೈಗೆ ಬಂತು. ಅದನ್ನು ಲೋಟಕ್ಕೆ ಹಾಕಿ, ಬೊಚ್ಚುಬಾಯಲ್ಲಿ, “ಈಗ ಮೊದಲಿಂದ ಹೇಳು” ಎಂದರು. ಹೇಳಿದೆ. ಈ ಸಲ ನಡುವೆ ಚೀಟಿ ಬರಲಿಲ್ಲ.

ಆಮೇಲೆ ಅವರು ಆ ಕಥೆ ಹೇಳಲಿಲ್ಲ. ಯಾರಾದರೂ ಕೇಳಿದರೆ, “ಅವಳನ್ನ ಕೇಳಿ” ಎನ್ನುತ್ತಿದ್ದರು. ಬಂದವರು ನನ್ನ ಕಡೆ ನೋಡಿ, ನಕ್ಕು, ಮತ್ತೆ ಅವರ ಕಡೆಗೇ ತಿರುಗುತ್ತಿದ್ದರು. ಆಗ ಅವರು ಮಳೆಯ ದಿನದ ಐದು ಜನರ ಕಚೇರಿಯ ಮಾತು ತೆಗೆಯುತ್ತಿದ್ದರು. ಅದರಲ್ಲಿ ಕತ್ತಲೆಯಿಲ್ಲ, ಮಗುವಿಲ್ಲ. ಬಂದವರು ಟೀ ಮುಗಿಸಿ ಏಳುತ್ತಿದ್ದರು. ಮೂರು ವರ್ಷದ ಮೇಲೆ ಅವರು ತೀರಿಕೊಂಡರು.

ಹೋದ ತಿಂಗಳು ಮಗಳಿಗೆ ಯಾರೋ ಎರಡು ಟಿಕೆಟ್ಟು ಕೊಟ್ಟರು. ಅದೇ ಸಭಾಂಗಣ. ನಾನು ಸಂಗೀತ ಕೇಳಲು ಹೋದದ್ದು ಆಯುಷ್ಯದಲ್ಲಿ ಅದು ಎರಡನೇ ಸಲ. ಕಾಲು ತಾನಾಗಿ ಕಂಬದ ಪಕ್ಕಕ್ಕೆ ನಡೆಯಿತು. ಆ ಕುರ್ಚಿಗೆ ಹಗ್ಗ ಕಟ್ಟಿ, ಹಿಂಬದಿಗೆ ಹಿತ್ತಾಳೆಯ ತಗಡು ಹೊಡೆದಿದ್ದರು. ತಗಡಿನಲ್ಲಿ ನಮ್ಮವರ ಹೆಸರು. ಹಗ್ಗ ಸರಿಸಿ ಕೂತೆ. ಬಾಗಿಲಲ್ಲಿ ಟಿಕೆಟ್ಟು ಹರಿಯುವ ಹೆಂಗಸು ಓಡಿಬಂದಳು.

“ಅಜ್ಜಿ, ಏಳಿ ಏಳಿ! ಅಲ್ಲಿ ಯಾರೂ ಕೂರಬಾರದು.”

“ಯಾಕಮ್ಮ?”

“ದೊಡ್ಡ ರಸಿಕರೊಬ್ಬರು ಅಲ್ಲಿ ಕೂತು ಕೇಳಿದ್ರಂತೆ. ಕತ್ತಲೇಲಿ ಹಾಡಿದ್ರಲ್ಲ, ಆ ಕಚೇರಿ. ಯಾವಳೋ ಬುದ್ಧಿ ಇಲ್ಲದೋಳು ಮಗು ತಂದಿದ್ಳಂತೆ. ಹಾಡು ಕೇಳ್ತಿದ್ದ ಹಾಗೇ ಅದರ ಅಳು ನಿಂತೇಹೋಯ್ತಂತೆ!”

ಚೆನ್ನಾಗಿ ಹೇಳಿದಳು, ನಮ್ಮವರು ಹೇಳುತ್ತಿದ್ದ ಹಾಗೆಯೇ, ಅದೇ ಜಾಗದಲ್ಲಿ ದನಿ ಇಳಿಸಿ. ಮಗಳು ಬಾಯಿ ತೆರೆಯಲು ಹೊರಟಳು. ನಾನು ಅವಳ ಕೈ ಅದುಮಿದೆ.

“ಮೊಣಕಾಲು ನೋವಮ್ಮ, ಒಂದು ನಿಮಿಷ ಕೂತು ಏಳ್ತೀನಿ” ಎಂದೆ.

“ಒಂದೇ ನಿಮಿಷ ಮತ್ತೆ” ಎಂದು ಅವಳು ಬಾಗಿಲಿಗೆ ಹೋದಳು. ವೇದಿಕೆಯ ಮೇಲೆ ಕಾರ್ಯದರ್ಶಿಗಳು ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡರು. ನಾನು ಹಿಂದಕ್ಕೆ ಒರಗಿ, ತಗಡಿನ ಅಂಚು ಬೆನ್ನಿಗೆ ಒತ್ತುತ್ತಿದ್ದಂತೆಯೇ ಕಣ್ಣು ಮುಚ್ಚಿದೆ. ಭಾಷಣಕ್ಕೆ ನಿದ್ದೆ ಚೆನ್ನಾಗಿ ಬರುತ್ತದೆ. ನಮ್ಮ ಮನೆಯಲ್ಲಿ ಅದು ಮಗಳ ಕಾಲದಿಂದಲೂ ಗೊತ್ತಿರುವ ವಿಷಯ.